ಭಾವನನ್ನು ತಂಡದಿಂದ ತೆಗೆಯಲು ಹೋದದ್ದು

ನನಗೂ ನನ್ನ ಭಾವನಿಗೂ ಇರುವುದು ಒಂದೇ ಜಗಳ. ನಮ್ಮೂರ ಬೇಸ್‌ಬಾಲ್ ತಂಡದಲ್ಲಿ ಯಾರಿರಬೇಕು, ಯಾರಿರಬಾರದು ಎನ್ನುವುದು. ನಮ್ಮೂರೆಂದರೆ ಸ್ಯಾನ್ ಹೋಸೆಯ ಕಡೆ ಕೊಲ್ಲಿಯ ಸುತ್ತ ಒಂದಕ್ಕೊಂದು ಅಂಟಿಕೊಂಡಿರುವ ಈ ಊರುಗಳೆಲ್ಲ. ತಂಡವೆಂದರೆ ಟಿ.ವಿ.ಯಲ್ಲಿ ಬರುವ ದೊಡ್ಡ ತಂಡ. ಅದರ ಮಾಲೀಕರು ಇವತ್ತಿನವರೆಗೆ ನಮ್ಮಿಬ್ಬರನ್ನು ಒಂದು ಮಾತೂ ಕೇಳಿದವರಲ್ಲ. ಆದರೂ ನಾವು ಎಷ್ಟೋ ವರ್ಷಗಳಿಂದ ಅವರಿಗೆ ಪುಕ್ಕಟೆ ಸಲಹೆ ಕೊಡುತ್ತಲೇ ಇದ್ದೇವೆ.

ಭಾವ ಎಂದರೆ ನಮ್ಮಕ್ಕನ ಗಂಡ. ಹುಬ್ಬಳ್ಳಿಯವರು, ಈಗ ಡ್ಯಾನ್‌ವಿಲ್‌ನಲ್ಲಿ ಮನೆ. ನಾನು ಬೆಂಗಳೂರಿನವನು, ಬೆರ್ರಿಯೆಸಾದಲ್ಲಿದ್ದೇನೆ. ಆ ದೊಡ್ಡ ತಂಡದಲ್ಲಿ ಫಸ್ಟ್ ಬೇಸ್, ಅಂದರೆ ಓಡುವವನು ಮೊದಲು ಮುಟ್ಟಬೇಕಾದ ಮೂಲೆ, ಕಾಯುವ ಒಬ್ಬ ಹಳೆಯ ಆಟಗಾರನಿದ್ದಾನೆ. ಮೊಣಕಾಲು ಹೋಗಿದೆ, ಹೊಡೆತ ಹೋಗಿದೆ, ಹೆಸರೊಂದು ಉಳಿದಿದೆ. ಅವನನ್ನು ಬಿಡಬೇಕು ಎಂದು ನಾನು. ಸುತರಾಂ ಬಿಡಬಾರದು ಎಂದು ಭಾವ.

"ಅಂವ ಚೆಂಡು ಬಿಡೂದು ನೋಡಲೇ ತಮ್ಮಾ," ಎನ್ನುತ್ತಾರೆ ಭಾವ. "ಹೊಡಿಯೂದು ಯಾರಿಗರೆ ಬರತೈತಿ. ಬಿಡೂದು ಬರಾಕ ಸಂಸ್ಕಾರ ಬೇಕು."

ಅದರಲ್ಲಿ ಒಂದು ಸತ್ಯವಿದೆ. ಬೇಸ್‌ಬಾಲಿನಲ್ಲಿ ಎಸೆಯುವವನು ನಾಲ್ಕು ಕೆಟ್ಟ ಚೆಂಡು ಹಾಕಿ, ಬ್ಯಾಟು ಹಿಡಿದವನು ಅವನ್ನು ಮುಟ್ಟದೆ ಬಿಟ್ಟರೆ, ಬ್ಯಾಟು ಹಿಡಿದವನು ಪುಕ್ಕಟೆಯಾಗಿ ಫಸ್ಟ್ ಬೇಸ್‌ಗೆ ನಡೆದುಕೊಂಡು ಹೋಗಬಹುದು. ಹೀಗೆ ನಡೆಯುವುದಕ್ಕೂ ಆಟದಲ್ಲಿ ಬೆಲೆಯಿದೆ. ಆದರೆ ಭಾವನ ಎದುರಿಗೆ ಒಪ್ಪಿಕೊಳ್ಳಲು ನನಗೇನು ಹುಚ್ಚೇ?

"ಭಾವ, ಸಂಸ್ಕಾರ ಇಟ್ಕೊಂಡು ಪಂದ್ಯ ಗೆಲ್ಲಕ್ಕಾಗಲ್ಲ. ಅಂಕಿ ನೋಡಿ. ರನ್ನು ಬರಲ್ಲ, ಓಡಕ್ಕಾಗಲ್ಲ. ಥ್ಯಾಂಕ್ಸ್ ಹೇಳಿ ಕಳಿಸೋದಪ್ಪ, ಅದರಲ್ಲೇನಿದೆ?"

ಈ ವಿಷಯದಲ್ಲಿ ನನಗೆ ದಯೆ ದಾಕ್ಷಿಣ್ಯ ಯಾವುದೂ ಇರಲಿಲ್ಲ. ಚೆಂಡು ಎಸೆಯುವ ಇಬ್ಬರು ಪಿಚರ್‌ಗಳನ್ನೂ ಅದನ್ನು ಹಿಡಿಯುವ ಒಬ್ಬ ಕ್ಯಾಚರನ್ನೂ ನಾನು ಅಕ್ಕನ ಮನೆಯ ಸೋಫಾದ ಮೇಲೆ ಕೂತೇ ಮನೆಗೆ ಕಳಿಸಿದ್ದೆ.

ಇನ್ನು ನಮ್ಮದೇ ಒಂದು ತಂಡವಿದೆ. ಭಾನುವಾರ ಬೆಳಿಗ್ಗೆ ಸ್ಯಾನ್ ಹೋಸೆಯ ಪಾರ್ಕೊಂದರಲ್ಲಿ ಕನ್ನಡದವರೆಲ್ಲ ಸೇರಿ ಸಾಫ್ಟ್‌ಬಾಲ್ ಆಡುತ್ತೇವೆ. ಬೇಸ್‌ಬಾಲಿನದೇ ಆಟ. ಚೆಂಡು ಸ್ವಲ್ಪ ದೊಡ್ಡದು, ವೇಗ ಕಡಿಮೆ, ಆಡುವವರ ಹೊಟ್ಟೆಗೂ ಅದೇ ಅಳತೆ. ನಾವೆಲ್ಲ ಕ್ರಿಕೆಟ್ ಆಡಿ ಬೆಳೆದವರು, ಮೈಯಲ್ಲಿ ಅಂಟಿದ್ದು ಹೋಗುವುದಿಲ್ಲ. ಬೇಸ್‌ಬಾಲಿನಲ್ಲಿ ಓಡುವ ಮೊದಲು ಬ್ಯಾಟು ಕೆಳಗೆ ಬಿಡಬೇಕು. ಭಾವ ಬ್ಯಾಟು ಹಿಡಿದೇ ಓಡುತ್ತಾರೆ, ಅಷ್ಟು ಸಾಲದೆಂದು ಬೇಸಿನ ಹತ್ತಿರ ಬಗ್ಗಿ ಬ್ಯಾಟಿನ ತುದಿಯನ್ನು ನೆಲಕ್ಕೆ ಮುಟ್ಟಿಸುತ್ತಾರೆ. ಮೊದಲ ಸಲ ಅದನ್ನು ನೋಡಿದ ಎದುರು ತಂಡದ ಫಸ್ಟ್ ಬೇಸ್‌ಮನ್, ಪಾಪ, ಎರಡು ಹೆಜ್ಜೆ ಹಿಂದೆ ಹಾರಿದ್ದ. ಆದರೆ ಓಡುವ ಪ್ರಸಂಗವೇ ಅಪರೂಪ. ಭಾವ ಯಾವ ಚೆಂಡನ್ನೂ ಹೊಡೆಯುವುದಿಲ್ಲ. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡನ್ನು ಬಿಡುವಂತೆ ಬ್ಯಾಟು ಎತ್ತಿ, ಗಂಭೀರವಾಗಿ ಬಿಡುತ್ತಾರೆ. ಒಳ್ಳೆಯ ಚೆಂಡನ್ನೂ ಬಿಡುತ್ತಾರೆ.

ನನ್ನ ಕತೆ ಬೇರೆ. ಚೆಂಡು ಕೈಗೆ ಸಿಕ್ಕ ಕೂಡಲೇ ನಾನು ಬೇಸ್‌ಗೆ ಗುರಿಯಿಟ್ಟು ಬೀಸಿ ಹೊಡೆಯುತ್ತೇನೆ, ಅಲ್ಲಿ ಸ್ಟಂಪು ನೆಟ್ಟಿದ್ದಾರೇನೋ ಎನ್ನುವಂತೆ. ಗುರಿ ತಪ್ಪುವುದಿಲ್ಲ. ಆದರೆ ಈ ಆಟದಲ್ಲಿ ಬೇಸ್‌ಗೆ ಚೆಂಡು ತಾಗಿದರೆ ಏನೂ ಆಗುವುದಿಲ್ಲ, ನಮ್ಮವನೊಬ್ಬ ಅಲ್ಲಿ ನಿಂತು ಹಿಡಿಯಬೇಕು. ನನ್ನ ಹೊಡೆತ ಬೇಸ್‌ಗೆ ಬಡಿದು ಬೇಲಿಯ ಕಡೆಗೆ ಉರುಳುತ್ತದೆ, ಎದುರಾಳಿಗಳು ಆರಾಮಾಗಿ ಬೇಸುಗಳ ಸುತ್ತು ಮುಗಿಸುತ್ತಾರೆ. ಡೈರೆಕ್ಟ್ ಹಿಟ್ ಅಂತೂ ಡೈರೆಕ್ಟ್ ಹಿಟ್ಟೇ ಎಂದು ನನ್ನ ವಾದ.

ಈ ವರ್ಷ ರೆಡ್‌ವುಡ್ ಸಿಟಿಯ ಕಡೆಯಿಂದ ಇಬ್ಬರು ಹೊಸ ಎಂಜಿನಿಯರುಗಳು ಸೇರಿದರು. ಇಬ್ಬರೂ ಹೊಡೆಯುತ್ತಾರೆ, ಓಡುತ್ತಾರೆ, ಚೆಂಡನ್ನು ಮನುಷ್ಯರ ಕೈಗೇ ಎಸೆಯುತ್ತಾರೆ. ನಾವು ಹದಿನಾರು ಜನರಾದೆವು. ಲೀಗಿನವರು ಹದಿನೈದಕ್ಕಿಂತ ಹೆಚ್ಚು ಹೆಸರು ತೆಗೆದುಕೊಳ್ಳುವುದಿಲ್ಲ. ಭಾನುವಾರದ ಮೊದಲ ಪಂದ್ಯದೊಳಗೆ ಒಬ್ಬರು ಹೋಗಬೇಕು.

ಗುರುವಾರ ಮಧ್ಯಾಹ್ನ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿದ್ದಾಗ ಕ್ಯಾಪ್ಟನ್ ಫೋನು ಮಾಡಿದರು. ಅವರೂ ಬೆಂಗಳೂರಿನವರೇ, ಶಿವಾಜಿನಗರದ ಕಡೆಯವರು. ಇಲ್ಲಿ ಟೈಲ್ಸಿನ ವ್ಯಾಪಾರ. ಆಟದ ಸಾಮಾನೆಲ್ಲ ಅವರ ವ್ಯಾನಿನಲ್ಲೇ ಇರುವುದರಿಂದ ಅವರು ಕ್ಯಾಪ್ಟನ್.

"ಸಾರ್, ಒಂದು ಸೆನ್ಸಿಟಿವ್ ಮ್ಯಾಟರು," ಎಂದರು. "ಲಿಸ್ಟಲ್ಲಿ ಒಬ್ಬರು ಜಾಸ್ತಿ ಆಗಿದಾರೆ. ನಿಮ್ಮ ಭಾವ... ಅವರು ದೊಡ್ಡೋರು ಸಾರ್, ನಾನ್ ಹೆಂಗ್ ಹೇಳ್ಲಿ? ನೀವಾದ್ರೆ ಮನೆಯೋರು. ಮೆತ್ತಗೆ ಒಂದು ಮಾತು ಹಾಕಿಬಿಡಿ."

ನಮ್ಮ ತಂಡದಲ್ಲಿ ಮ್ಯಾನೇಜರುಗಳೇ ಅರ್ಧ. ಆಫೀಸಿನಲ್ಲಿ ಹದಿನೈದು ನಿಮಿಷದ ಮೀಟಿಂಗು ಕರೆದು, ಹತ್ತು ವರ್ಷ ದುಡಿದವರನ್ನು ಮನೆಗೆ ಕಳಿಸಿ, ಆಮೇಲೆ ಲಂಚಿಗೆ ಹೋಗಿ ಬಂದವರಿದ್ದಾರೆ. ಅದೇ ಜನಕ್ಕೆ ಭಾನುವಾರ ಒಬ್ಬ ಹಿರಿಯರಿಗೆ 'ನಿಮಗೆ ಜಾಗವಿಲ್ಲ' ಎನ್ನಲು ನಾಲಿಗೆ ಏಳುವುದಿಲ್ಲ. ಯಾರಿಗೂ ಯಾವತ್ತೂ ಮುಖಕ್ಕೆ 'ಇಲ್ಲ' ಎಂದವರಲ್ಲ ನಾವು. ಹಾಗಾಗಿಯೇ ಹದಿನಾರು ಜನ ಆದದ್ದು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸ್ವಲ್ಪ ಉಬ್ಬಿದ್ದೂ ನಿಜ. ತಂಡದ ಹಿತಕ್ಕೆ ಸಂಬಂಧ ನೋಡದವನೆಂದು ನನ್ನನ್ನು ಗುರುತಿಸಿದರಲ್ಲ.

ಸಂಜೆಯ ಹೊತ್ತಿಗೆ ಉಬ್ಬು ಇಳಿಯಿತು. ಭಾವ ಹೋದ ವರ್ಷ ಕೆಲಸದಿಂದ ನಿವೃತ್ತರಾದರು. ಅಂದಿನಿಂದ ಅವರ ವಾರಕ್ಕೆ ಇರುವುದು ಭಾನುವಾರವೊಂದೇ. ಶನಿವಾರ ಸಂಜೆಯೇ ಜರ್ಸಿಗೆ ಇಸ್ತ್ರಿ ಹಾಕುತ್ತಾರೆ. "ಆ ಆಟ ಒಂದಿಲ್ದಿದ್ರೆ ಏಳು ದಿನಾನೂ ನನ್ನ ಅಡಿಗೆಗೆ ಕೋಚಿಂಗ್ ಕೊಡ್ತಾರೆ ಕಣೋ," ಎಂದು ಅಕ್ಕ ಒಮ್ಮೆ ಹೇಳಿದ್ದಳು. ನಗುತ್ತಲೇ ಹೇಳಿದ್ದಳು, ಆದರೆ ಅವರು ಮಂಗಳವಾರ ಬುಧವಾರಗಳಲ್ಲಿ ಕಿಟಕಿಯ ಹತ್ತಿರ ಸುಮ್ಮನೆ ನಿಂತಿರುವುದನ್ನೂ ಹೇಳಿದ್ದಳು. ನನಗೆ ನಿಜಕ್ಕೂ ಭಯವಾಯಿತು.

ಹೇಗೆ ಫೋನು ಮಾಡಲಿ ಎಂದುಕೊಳ್ಳುವಷ್ಟರಲ್ಲಿ ಭಾವನದೇ ಫೋನು ಬಂತು. "ಶನಿವಾರ ಊಟಕ್ಕ ಬಾರಲೇ. ರೊಟ್ಟಿ ಮಾಡಸ್ತೀನಿ." ದೇವರೇ ದಾರಿ ತೋರಿಸಿದನೆಂದುಕೊಂಡೆ.

ಹೆಂಡತಿಗೆ ಏನೋ ಕೆಲಸವಿತ್ತು, ಹೈಸ್ಕೂಲಿಗೆ ಹೋಗುವ ಮಗಳನ್ನು ಕರೆದುಕೊಂಡು ಹೊರಟೆ. ಫ್ರೀವೇಯುದ್ದಕ್ಕೂ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದೆ. 'ಭಾವ, ವಯಸ್ಸು ಯಾರನ್ನೂ ಬಿಡಲ್ಲ' ಎಂದು ಶುರುಮಾಡುವುದೋ, 'ಭಾವ, ನೀವು ನಮಗೆ ಕೋಚ್ ಆಗಬೇಕು' ಎಂದೋ? ಮಗಳು ಕಿವಿಯಿಂದ ಇಯರ್‌ಫೋನು ತೆಗೆದು, "ಬೋತ್ ಸೌಂಡ್ ಟೆರಿಬಲ್, ಅಪ್ಪ," ಎಂದು ಮತ್ತೆ ಹಾಕಿಕೊಂಡಳು.

ಅಕ್ಕ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ಎಲ್ಲ ಮಾಡಿದ್ದಳು. ಭಾವ ತಾವೇ ಎದ್ದು ನನ್ನ ತಟ್ಟೆಗೆ ಬೆಣ್ಣೆ ಹಾಕಿದರು. ಹಾಗೆ ಹಾಕುವವರಲ್ಲ ಅವರು. ಉಂಡ ಮನೆಯಲ್ಲಿ ಕೂತು ಇಂಥ ಮಾತು ಹೇಗೆ ಆಡುವುದು? ಸುತ್ತು ಬಳಸಿ ಹೋಗೋಣವೆಂದು ಆ ಫಸ್ಟ್ ಬೇಸಿನ ಹಳಬನ ವಿಷಯ ತೆಗೆದೆ.

"ಭಾವ, ಅವನ ಬಗ್ಗೆ ಯೋಚನೆ ಮಾಡ್ತಿದ್ದೆ. ಅವನೇ ತಾನಾಗಿ ಬಿಟ್ರೆ ಎಷ್ಟು ಮರ್ಯಾದೆ ಅಲ್ವಾ?"

"ಖರೇ ಮಾತು!" ಎಂದರು ಭಾವ.

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ತಂಡ ದೊಡ್ಡದು, ಒಬ್ಬ ಮನಿಷ್ಯಾ ದೊಡ್ಡಾಂವಲ್ಲ," ಎಂದು ಭಾವ ಮುಂದುವರಿಸಿದರು. "ಆಡಾಕ ಬರೂದಿಲ್ಲಂದ್ರ ತಾನ ತಿಳಕೊಂಡು ಬಾಜೂಕ ಸರೀಬೇಕು. ಮಂದಿ ಬಾಯಿಂದ ಹೇಳಿಸ್ಕೋಬಾರದು. ಹೌದಲ್ಲೋ?"

"ಹೌದು ಭಾವ. ಅದರಲ್ಲಿ ಅವಮಾನ ಏನಿಲ್ಲ."

"ಏನೂ ಇಲ್ಲ! ನೋಡಾಕ ಬರಬಹುದು. ಚಪ್ಪಾಳಿ ಹೊಡೀಬಹುದು."

"ಜೊತೆಗೆ ಚಾ ಕುಡೀಬಹುದು."

"ಚಾ ಅಂತೂ ಕುಡೀಲೇಬೇಕು."

ಅಕ್ಕ ಲಟ್ಟಣಿಗೆ ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ಏನಾಗಿದೆ ನಿಮಗಿಬ್ಬರಿಗೂ? ಜ್ವರ ಗಿರ ಬಂದಿದೆಯಾ?"

ನನಗೆ ಪರಮಾನಂದ. ಭಾವ ತಾವಾಗಿಯೇ ಹಳ್ಳಕ್ಕೆ ಇಳಿಯುತ್ತಿದ್ದಾರೆ, ನಾನು ತಳ್ಳುವುದೇ ಬೇಕಿಲ್ಲ. ಅವರ ಮುಖದಲ್ಲೂ ಅಂಥದೇ ಒಂದು ನೆಮ್ಮದಿ ಕಾಣಿಸಿತು, ಅದೇಕೆಂದು ಹೊಳೆಯಲಿಲ್ಲ. ಆಗ ಮಗಳು ತಾಳ್ಮೆಗೆಟ್ಟು, "ಅಪ್ಪ, ಜಸ್ಟ್ ಟೆಲ್ ಮಾಮ ಹೀ ಈಸ್ ಆಫ್ ದಿ ಟೀಮ್!" ಎಂದುಬಿಟ್ಟಳು.

ಭಾವ ನನ್ನನ್ನು ನೋಡಿದರು. "ಯಾರು? ನಾ?"

"ಕ್ಯಾಪ್ಟನ್ ಹೇಳಿದ್ರು ಭಾವ. ಗುರುವಾರ. ನಾನು ಮನೆಯೋನು, ನಾನೇ ಹೇಳಬೇಕು ಅಂತ..."

"ಅವನೌನ!" ಭಾವ ತಟ್ಟೆ ಸರಿಸಿದರು. "ನನಗೂ ಗುರುವಾರನ ಫೋನ್ ಮಾಡಿದ್ದ. 'ಸಾರ್, ನಿಮ್ಮ ಭಾಮೈದನಿಗೆ ನೀವ ಹೇಳ್ರಿ, ದೊಡ್ಡಾವ್ರ ಮಾತು ಕೇಳ್ತಾರ' ಅಂದ. ನಿನ್ನ ತಗ್ಯಾಕ ಊಟಕ್ಕ ಕರದೀನಲೇ ನಾ!"

ಅಂದರೆ ತಂಡಕ್ಕೆ ಬೇಡವಾದವರು ನಾವಿಬ್ಬರೇ. ಅದರಲ್ಲಿ ಯಾರು ಹೋದರೂ ಕ್ಯಾಪ್ಟನ್‌ಗೆ ಸರಿ. ಇಬ್ಬರನ್ನೂ ಒಬ್ಬರ ಮೇಲೊಬ್ಬರನ್ನು ಬಿಟ್ಟು, ಯಾರು ಮೊದಲು ಬಾಯಿಬಿಟ್ಟರೂ ಕೆಲಸವಾಯಿತೆಂದು ಕೂತಿದ್ದಾರೆ. ಹಾವು ಸಾಯಬೇಕು, ಕೋಲು ಮುರಿಯಬಾರದು. ವ್ಯಾಪಾರಸ್ಥರು ನೋಡಿ.

ಆಮೇಲೆ ನಡೆದದ್ದು ನಮ್ಮ ನಿಜವಾದ ಜಗಳ. ಈ ಸಲ ಬೆಲೆ ಕಟ್ಟುತ್ತಿದ್ದದ್ದು ನಮ್ಮಿಬ್ಬರಿಗೇ.

"ನಾನು ಕೊನೇಪಕ್ಷ ಓಡ್ತೀನಿ ಭಾವ!"

"ಎಲ್ಲಿಗೆ ಓಡ್ತೀ? ನೀನ ಒಗದ ಚೆಂಡಿನ ಹಿಂದ ಓಡ್ತೀ."

"ನೀವು ಬ್ಯಾಟು ಯಾಕೆ ಹಿಡ್ಕೋತೀರ? ಕೈಬೀಸ್ಕೊಂಡು ನಿಂತ್ರೂ ಅಷ್ಟೇ."

"ಬಿಟ್ಟು ಬಿಟ್ಟು ಬೇಸ್ ಮುಟ್ಟೇನೋ ಇಲ್ಲೋ? ನೀ ಮುಟ್ಟೀಯೇನು?"

"ನನ್ನ ಚೆಂಡು ಮುಟ್ಟಿದೆ!"

ಮಗಳು ಮೊಸರನ್ನದ ಮೇಲೆ ಬಗ್ಗಿ ನಗುತ್ತಿದ್ದಳು. "ರೊಟ್ಟಿ ಆರ್ತಾ ಇದೆ, ಸುಮ್ನೆ ತಿನ್ನಿ," ಎಂದು ಅಕ್ಕ ಗದರಿದಳು. ನನಗೆ ಅಷ್ಟು ಸಿಟ್ಟು ಬಂದಿದ್ದು ಏಕೆಂದು ಆಗಲೇ ಗೊತ್ತಿತ್ತು. ಭಾವನನ್ನು ತೆಗೆಯುತ್ತಾರೆಂದಾಗ ನನಗೆ ಸಂಕಟವಾಗಿತ್ತು, ಸಿಟ್ಟು ಬಂದಿರಲಿಲ್ಲ. ಈಗ ಸರದಿ ನನ್ನದು.

ಸ್ವಲ್ಪ ಹೊತ್ತಿಗೆ ಭಾವ ತಣ್ಣಗಾದರು. "ಹೋಗ್ಲಿ ಬಿಡು," ಎಂದರು. "ನನ್ನ ಹೆಸರ ತಗಸು. ನಿನ್ನ ಮೊಣಕಾಲು ಇನ್ನೂ ಗಟ್ಟಿ ಅದಾವು. ನೀ ಆಡು."

ಹಾಗೆಂದಾಗ ನನಗೆ ಅವರ ಕಿಟಕಿಯ ಮಂಗಳವಾರ ನೆನಪಾಯಿತು. "ಬೇಡ ಭಾವ. ನಂದು ತೆಗೆಸ್ತೀನಿ. ನನಗೆ ಭಾನುವಾರ ಬೇರೆ ಕೆಲಸ ಇರತ್ತೆ."

"ನಿನಗೇನ ಕೆಲಸ? ಸುಳ್ಳ ಹೇಳಬ್ಯಾಡ."

"ಸುಳ್ಳಲ್ಲ!"

"ಹಿರ್ಯಾ ಹೇಳಿದ್ದು ಕೇಳೂದಿಲ್ಲೇನಲೇ?"

ಈ ಜಗಳದ ಮುಂದೆ ಹಿಂದಿನದು ಏನೂ ಅಲ್ಲ. ಅಕ್ಕ ಕೈ ತೊಳೆದುಕೊಂಡು ಬಂದು, ಭಾವನ ಫೋನು ಎತ್ತಿ, ಸ್ಪೀಕರ್ ಹಾಕಿ, ಕ್ಯಾಪ್ಟನ್‌ಗೆ ಹಚ್ಚಿದಳು. "ನೋಡಿ, ಇಲ್ಲಿ ಇಬ್ಬರೂ ನಾನು ಬಿಡ್ತೀನಿ ನಾನು ಬಿಡ್ತೀನಿ ಅಂತ ಕೂತಿದಾರೆ. ಇಬ್ಬರ ಹೆಸರೂ ತೆಗೆದುಬಿಡ್ತೀರಾ ನೀವು?"

ಅಕ್ಕ ಹೆದರಿಸಲು ಹೇಳಿದ್ದು. ಕ್ಯಾಪ್ಟನ್ 'ಅಯ್ಯೋ, ಬೇಡಿ ಅಕ್ಕ, ಒಬ್ಬರು ಸಾಕು' ಎನ್ನುತ್ತಾರೆ, ಒಬ್ಬರಾದರೂ ಉಳಿಯುತ್ತೇವೆ ಎಂದು ನಾವು ಮೂವರೂ ಕಾಯುತ್ತಿದ್ದೆವು.

"ಇಬ್ಬರದ್ದೂನಾ ಅಕ್ಕ?"

ಎಷ್ಟೋ ಸೋಲುಗಳಲ್ಲಿ ನಾನು ಆ ದನಿ ಕೇಳಿದ್ದೇನೆ. ಅದು ಇಷ್ಟು ಖುಷಿಯಾಗಿದ್ದನ್ನು ಯಾವತ್ತೂ ಕೇಳಿರಲಿಲ್ಲ.

"ನಿಜವಾಗ್ಲೂ? ಎಂಥಾ ದೊಡ್ಡ ಮನಸ್ಸು ಅಕ್ಕ ನಿಮ್ಮನೆಯೋರದ್ದು! ಈಗಲೇ ಲಿಸ್ಟು ಕಳಿಸ್ಬಿಡ್ತೀನಿ." ನಾವು ಮನಸ್ಸು ಬದಲಿಸಿಯೇವೆಂದು ತಕ್ಷಣ ಫೋನು ಇಟ್ಟರು. ಅಕ್ಕ ಫೋನನ್ನೇ ನೋಡುತ್ತ ನಿಂತಳು. ಭಾವ ತಣ್ಣಗಾದ ರೊಟ್ಟಿ ಮುರಿದು ತಿಂದರು, ನಾನೂ ತಿಂದೆ.

ಭಾನುವಾರ ಇಬ್ಬರೂ ಪಾರ್ಕಿಗೆ ಹೋದೆವು. ಹೋಗದಿದ್ದರೆ ಮುನಿಸಿಕೊಂಡರು ಎನ್ನುತ್ತಾರಲ್ಲ. ಬೇಲಿಯ ಈಚೆ ಬೆಂಚಿನ ಮೇಲೆ ಕೂತೆವು. ಭಾವ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡಿದ್ದರು, ಆದರೆ ಒಳಗೆ ಇಸ್ತ್ರಿ ಮಾಡಿದ ಜರ್ಸಿ ಇದ್ದದ್ದು ಕಾಲರಿನಲ್ಲಿ ಕಾಣುತ್ತಿತ್ತು. ಕ್ಯಾಪ್ಟನ್ ಬಂದು ಇಬ್ಬರ ಕೈಯನ್ನೂ ಹಿಡಿದು, ನೀವು ಬಂದಿದ್ದೇ ನಮಗೆ ಬಲ ಸಾರ್ ಎಂದು ಫ್ಲಾಸ್ಕಿನಿಂದ ಚಾ ಕೊಟ್ಟು ಹೋದರು. ಚಾ ಚೆನ್ನಾಗಿಯೇ ಇತ್ತು.

ಆಟದಲ್ಲಿ ಮಾತ್ರ ಒಂದು ಎಡವಟ್ಟಾಯಿತು. ನಮ್ಮವರು ಗೆದ್ದರು. ಅದೂ ಒದ್ದಾಡಿ ಗೆದ್ದದ್ದಲ್ಲ. ಹೋದ ವರ್ಷ ನಮ್ಮನ್ನು ಅಳಿಸಿ ಕಳಿಸಿದ್ದ ತಂಡವನ್ನೇ ಹೊಡೆದು ಹಾಕಿದರು. ಹೊಸ ಎಂಜಿನಿಯರುಗಳಲ್ಲಿ ಒಬ್ಬ ನಾನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಬಂದ ಚೆಂಡನ್ನೆಲ್ಲ ಹಿಡಿದು, ಫಸ್ಟ್ ಬೇಸಿನಲ್ಲಿ ನಿಂತವನ ಕೈಗೇ ಕೊಟ್ಟ. ಇನ್ನೊಬ್ಬ ಭಾವನ ಸರದಿಯಲ್ಲಿ ಬ್ಯಾಟು ಹಿಡಿದು ಮೊದಲ ಚೆಂಡನ್ನೇ ಮರಗಳಾಚೆ ಕಳಿಸಿದ. ಭಾವ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದರು.

"ಇದೇನು ಒಂದು ಆಟ ನೋಡಿ ಹೇಳಕ್ಕಾಗಲ್ಲ ಭಾವ," ಎಂದೆ. "ಎದುರು ತಂಡದ ಪಿಚರ್ ಇವತ್ತು ಸರಿ ಇರಲಿಲ್ಲ."

ಭಾವ ಕೂತರು. ಮೈದಾನದ ಕಡೆ ನೋಡಿದರು. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಇಷ್ಟ ವರ್ಷ ನಾವು ಆಡಿ ಸೋತೀವಿ," ಎಂದರು. "ಯಾವತ್ತೂ ಇಷ್ಟ ಬ್ಯಾಸರ ಆಗಿದ್ದಿಲ್ಲ ನೋಡಲೇ."

"ನನಗೂ ಭಾವ," ಎಂದೆ. ಕ್ಯಾಪ್ಟನ್ ದೂರದಿಂದ ನಮ್ಮನ್ನೂ ಫೋಟೋಕ್ಕೆ ಬನ್ನಿ ಎಂದು ಕೈ ಬೀಸಿದರು. ಇಬ್ಬರೂ ಎದ್ದು ಹೋದೆವು. ಹೋಗುವಾಗ ಭಾವ ಜಾಕೆಟ್ಟಿನ ಜಿಪ್ಪು ಕೆಳಗೆ ಎಳೆದರು.