ಯಾರೂ ಇಲ್ಲ, ಹೇಳಮ್ಮ

ಮಾತು ಶುರುವಾಗುವ ಮುಂಚೆ ಗಂಡ ಹೆಂಡತಿ ಇಬ್ಬರಿಗೂ ಫೋನನ್ನು ಕೋಣೆಯ ಸುತ್ತ ಒಮ್ಮೆ ತಿರುಗಿಸಿ ತೋರಿಸಿ ಎನ್ನುತ್ತೇನೆ. ಬಾಗಿಲ ಹಿಂದೆಯೂ. ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಈ ಬುದ್ಧಿ ನನಗೆ ಬಂದದ್ದು ಒಬ್ಬ ಹೆಣ್ಣುಮಗಳ ಬಾಳು ಕೆಟ್ಟ ಮೇಲೆ.

ಚಿಕ್ಕಬಳ್ಳಾಪುರದ ನನ್ನ ಮನೆಯಲ್ಲೇ ಕೂತು, ಸಂಸಾರದಲ್ಲಿ ಒಡಕು ಬಂದವರ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುವುದು ನನ್ನ ಕೆಲಸ. ಆ ಹುಡುಗಿ ಗಂಡನ ಮನೆ ಬಿಟ್ಟು ಶಿಡ್ಲಘಟ್ಟದ ಹತ್ತಿರದ ತವರಿಗೆ ಬಂದಿದ್ದಳು. ಗಂಡ ಗೌರಿಬಿದನೂರಿನ ಕಡೆ, ಅಲೀಪುರದ ಪಕ್ಕದ ಹಳ್ಳಿಯವನು. ಮದುವೆಯಾಗಿ ಮೂರು ವರ್ಷ. ಅವಳಿಗೆ ವಾಪಸ್ ಹೋಗುವ ಆಸೆ. ಮೊದಲ ದಿನವೇ ಹೇಳಿದ್ದಳು. ಮತ್ತೆ ಯಾಕಮ್ಮ ಬಂದೆ ಎಂದರೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಅವಳು ಕೂರುತ್ತಿದ್ದದ್ದು ರೇಷ್ಮೆ ಹುಳದ ಮನೆಯಲ್ಲಿ. "ಹುಳಕ್ಕೆ ಸೋಂಕಾಗ್ತದೆ ಅಂತ ಇಲ್ಲಿಗೆ ಯಾರ್ನೂ ಬಿಡಲ್ಲ ಮೇಡಂ" ಎನ್ನುತ್ತಿದ್ದಳು. ಹಿಂದೆ ಹಿಪ್ಪುನೇರಳೆ ಸೊಪ್ಪಿನ ರಾಶಿ ಕಾಣುತ್ತಿತ್ತು. ಗಂಡ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡುಮನೆಯ ಗೋಡೆಗೊರಗಿ ಕೂರುತ್ತಿದ್ದ. ಹೂಂ, ಊಹೂಂ ಬಿಟ್ಟರೆ ಅವನದು ಮಾತಿಲ್ಲ.

ನಾಲ್ಕನೇ ವಾರ ಅವನ ಕಿವಿಯಲ್ಲಿ ಇಯರ್‌ಫೋನ್ ಇರಲಿಲ್ಲ, ಸ್ಪೀಕರ್ ಹಾಕಿದ್ದ. ನೋಡಿದೆ. ಯಾಕೆಂದು ಕೇಳಲಿಲ್ಲ. ಅವಳು ಆಗಷ್ಟೇ ಬಾಯಿ ತೆರೆದಿದ್ದಳು, ಎಲ್ಲಿ ಮತ್ತೆ ಮುಚ್ಚಿಬಿಡುತ್ತಾಳೋ ಎಂಬ ಆತುರ ನನಗೆ. "ಇಲ್ಲಿರೋದು ನಾವು ಮೂರೇ ಜನ. ಬೇರೆ ಯಾರೂ ಇಲ್ಲ, ಹೇಳಮ್ಮ" ಎಂದೆ.

"ಅತ್ತೆ ನನ್ನ ಬಂಜೆ ಅಂತಾರೆ ಮೇಡಂ. ಮುರುಗಮಲ್ಲ ದರ್ಗಾಕ್ಕೂ ಕರ್ಕೊಂಡೋಗಿ ಹರಕೆ ಕಟ್ಸಿದ್ರು. ಇವ್ರು ಇವತ್ತಿನವರ್ಗೂ ನನ್ನ ಮುಟ್ಟೇ ಇಲ್ಲ. ಇವ್ರ ಕೈಲಿ ಆಗಲ್ಲ. ಯಾರ್ಗೂ ಹೇಳಿಲ್ಲ ನಾನು, ನಮ್ಮಮ್ಮಂಗೂ. ಡಾಕ್ಟ್ರತ್ರ ಹೋಗಣ ಬನ್ನಿ ಅಂದ್ರೆ ನಾಚ್ಕೆ ಪಡ್ತಾರೆ. ಒಂದ್ಸಲ ಬರ್ಲಿ ಸಾಕು, ನಾಳೇನೇ ಹೋಗ್ತೀನಿ."

ಗಂಡನ ಕಡೆಯಿಂದ ಯಾರೋ ಕೆಮ್ಮಿದರು. ಆಮೇಲೆ ತೆಲುಗಿನಲ್ಲಿ ಒಬ್ಬ ಮುದುಕರ ದನಿ: "ಏಂರಾ, ನಿಜಮೇನಾ?" ಏನೋ, ಇದು ನಿಜವೇನೋ ಎಂದು.

ಗಂಡ ಗಡಬಡಿಸಿ ಎದ್ದ, ಫೋನು ವಾಲಿತು. ಚಾಪೆಯ ಮೇಲೆ ಅವನ ತಾಯಿ, ಸೋದರಮಾವ, ಊರಿನ ಮೂವರು ಹಿರಿಯರು, ಕೈಯಲ್ಲಿ ಕಾಫಿ ಲೋಟ. ಸಂಸಾರದ ಮಾತೆಂದರೆ ಪಂಚಾಯ್ತಿ, ಪಂಚಾಯ್ತಿ ಎಂದರೆ ದೊಡ್ಡವರು ಕೂರಬೇಕು. ಅವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಅವಳು ಇದನ್ನು ಹೇಳಿಯಾಳೆಂದು ಅವನೂ ಎಣಿಸಿರಲಿಲ್ಲ. ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ! ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು, ನನಗೆ ಗೊತ್ತಿರಬೇಕಿತ್ತು.

"ಸುಳ್ಳು ಮಾವ" ಎಂದ ಅವನು. "ತನ್ನ ಐಬು ಮುಚ್ಕೊಳ್ಳಕ್ಕೆ ಹಿಂಗಂತಾವ್ಳೆ."

"ನನ್ನ ಮಗನ ಮಾನ ಕಳ್ದಲ್ಲೇ! ಇನ್ನು ಈ ಹೊಸ್ಲು ತುಳಿದ್ರೆ ನೋಡು" ಎಂದು ಅವನ ತಾಯಿ ಕಿರುಚಿದರು. ಅವರ ಕಡೆಯ ಕಾಲ್ ಕಟ್ಟಾಯಿತು.

ನನ್ನ ಮುಂದೆ ಅವಳೊಬ್ಬಳೇ ಉಳಿದಳು. ಅಳಲಿಲ್ಲ. "ಯಾರೂ ಇಲ್ಲ ಅಂದ್ರಲ್ಲ ಮೇಡಂ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಾಯಿತಮ್ಮ ಎಂದೆ. ಅಷ್ಟರಲ್ಲಿ ಅವಳೂ ಹೋಗಿಯಾಗಿತ್ತು.

ವಾರವಾದ ಮೇಲೆ ಅವಳೇ ಕಾಲ್ ಮಾಡಿದಳು. ಅದೇ ಹುಳದ ಮನೆ. ನಾನು ಬಾಯಿ ತೆರೆಯುವ ಮುಂಚೆಯೇ, "ಮೊದ್ಲು ಫೋನ್ ತಿರುಗ್ಸಿ ಮೇಡಂ, ನಿಮ್ಮನೇಲಿ ಯಾರಿದಾರೆ ನೋಡ್ಬೇಕು" ಎಂದಳು. ಎದ್ದು ನಿಂತು ಸುತ್ತ ತೋರಿಸಿದೆ. "ಬಾಗ್ಲ ಹಿಂದೆ?" ಎಂದಳು. ಅದನ್ನೂ ತೋರಿಸಿದೆ.

ಆಮೇಲೆ ಹೇಳಿದಳು: "ಅಪ್ಪ ಮದ್ವೇಲಿ ಕೊಟ್ಟಿದ್ದ ಬೀರೂನ ಟೆಂಪೋದಲ್ಲಿ ವಾಪಸ್ ಕಳ್ಸಿದಾರೆ ಮೇಡಂ. ನನ್ನ ಸೀರೆಗಳೂ ಒಳಗೇ ಇದಾವೆ."