ನವರಂಗಕ್ಕೊಂದು ಪಾಸ್‌ಪೋರ್ಟ್ ಫೋಟೋ

ಸ್ಟುಡಿಯೋ ಆಂಟಿಯ ಎರಡು ಮೊಣಕೈಗಳೂ ಕಪ್ಪಗೆ ದಡ್ಡುಗಟ್ಟಿದ್ದವು. ಮದುವೆ ಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಾಗಲೂ ಆ ಮೊಣಕೈಗಳು ಮಾತ್ರ ಬೇರೆ ಯಾರದ್ದೋ ಅನ್ನುವ ಹಾಗೆ ಕಾಣುತ್ತಿದ್ದವು. ಅರವತ್ತು ದಾಟಿದ ಹೆಂಗಸು ದಿನಾ ಬೆಳಿಗ್ಗೆ ಒದ್ದೆ ತರಗೆಲೆಯ ಮೇಲೆ ಬೋರಲು ಮಲಗಿ, ಮೊಣಕೈಯನ್ನು ನೆಲಕ್ಕೂರಿ ಕ್ಯಾಮೆರಾ ಹಿಡಿದರೆ ಇನ್ನೇನಾಗುತ್ತದೆ? ಚೂಡಿದಾರದ ಮೇಲೆ ತೀರಿಹೋದ ಯಜಮಾನರ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಶೂ. ವಾಕಿಂಗ್ ಬಂದವರು ಮೊದಮೊದಲು ಯಾರೋ ತಲೆಸುತ್ತಿ ಬಿದ್ದಿದ್ದಾರೆಂದು ನೀರಿನ ಬಾಟಲಿ ಹಿಡಿದು ಓಡಿಬರುತ್ತಿದ್ದರಂತೆ. "ಬದುಕಿದೀನಿ ಕಣ್ರೀ, ದೂರ ನಿಂತ್ಕೊಳಿ, ಹಕ್ಕಿ ಹೆದರ್ಕೊಳುತ್ತೆ" ಎಂದು ಇವರು ತಲೆಯೆತ್ತದೆಯೇ ಗದರುತ್ತಿದ್ದರು.

ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ, ಹೂವಿನ ಅಂಗಡಿಯ ಪಕ್ಕ, ಅವರದೊಂದು ಕಿರಿದಾದ ಫೋಟೋ ಸ್ಟುಡಿಯೋ. ಹಾವೇರಿಯಿಂದ ಕೆಲಸಕ್ಕೆಂದು ಬಂದ ಹೊಸದರಲ್ಲಿ ನಾನು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಲು ಒಳಗೆ ಹೋಗಿದ್ದೆ. ಗೋಡೆಯ ಮೇಲೆ ಮದುಮಕ್ಕಳ ಫೋಟೋಗಳ ನಡುವೆ ಒಂದು ಹಕ್ಕಿ. ಹಸಿರು ಬೆನ್ನು, ಕೆನೆಬಣ್ಣದ ಎದೆ, ಬಾಲದ ಬುಡದಲ್ಲಿ ಕುಂಕುಮದಂಥ ಕೆಂಪು, ಕಣ್ಣಿನ ಮೇಲೆ ಕಪ್ಪು ಪಟ್ಟಿ.

"ಯಾವ ಹಕ್ಕಿರೀ ಮೇಡಂ ಇದು? ಎಲ್ಲಿ ತಗದ್ರಿ?"

"ನವರಂಗ. ಎಲ್ಲಿ ಅಂತ ಮಾತ್ರ ಕೇಳ್ಬೇಡಿ. ಗಲ್ಲ ಸ್ವಲ್ಪ ಕೆಳಗೆ."

ಆ ಫೋಟೋದಲ್ಲಿ ನನ್ನ ಮುಖ ಬೈಸಿಕೊಂಡವನ ಮುಖದ ಹಾಗೇ ಬಂದಿದೆ. ಆದರೂ ಬಿಡಲಿಲ್ಲ. ಝೆರಾಕ್ಸ್, ಲ್ಯಾಮಿನೇಶನ್ ಎಂದು ಏನಾದರೊಂದು ನೆಪ ಹಿಡಿದು ಹೋಗುತ್ತಲೇ ಇದ್ದೆ. ಕೊನೆಗೊಂದು ದಿನ ಅವರೇ, "ನಾಳೆ ಬೆಳಿಗ್ಗೆ ಶೂ ಹಾಕ್ಕೊಂಡು ಬಾ. ಬಿಳಿ ಶರ್ಟು ಬೇಡ, ಹಕ್ಕಿಗೆ ದೂರದಿಂದ್ಲೇ ಕಾಣುತ್ತೆ" ಎಂದರು. ಎಲ್ಲೋ ದೂರದ ಕಾಡಿಗೆ ಹೊರಟಿದ್ದೇವೆಂದು ಬುತ್ತಿ ಕಟ್ಟಿಕೊಂಡು ಹೋದೆ. ಕರೆದುಕೊಂಡು ಹೋದದ್ದು ಮಾರ್ಕೆಟ್ಟಿನ ಹಿಂದಿನ ಪಾರ್ಕಿಗೆ! ದಿನಾ ಬಸ್ ಹಿಡಿಯಲು ನಾನು ಅದರ ಬೇಲಿಯ ಪಕ್ಕದಲ್ಲೇ ನಡೆದುಹೋಗುತ್ತಿದ್ದೆ. ಒಳಗೆ ಇದಿನ್ನೂ ಹಳ್ಳಿಯಾಗಿದ್ದ ಕಾಲದ ಬಾವಿ, ಅದರಾಚೆ ಬಿದಿರುಮೆಳೆ, ಮೆಳೆಯ ಕೆಳಗೆ ಯಾರೂ ಗುಡಿಸದ ತರಗೆಲೆ. ಚಳಿ ಶುರುವಾಗುವ ಹೊತ್ತಿಗೆ ಎಲ್ಲೋ ಉತ್ತರದಿಂದ ಹಾರಿಬರುವ ನವರಂಗ ಆ ತರಗೆಲೆಯನ್ನೇ ಕೆದಕಿ ಹುಳ ಹೆಕ್ಕುತ್ತದೆ.

ಆಂಟಿ ಹಕ್ಕಿಗಳ ಜೊತೆಗೂ ಸ್ಟುಡಿಯೋ ಭಾಷೆಯಲ್ಲೇ ಮಾತಾಡುತ್ತಿದ್ದರು. "ಸ್ವಲ್ಪ ಈ ಕಡೆ ತಿರುಗಮ್ಮಾ. ಹಾಂ, ಅಲ್ಲೇ. ಕಣ್ಣು ಮುಚ್ಬೇಡ." ಕ್ಲಿಕ್ ಆದ ಮೇಲೆ, "ಆಯ್ತು, ಹೋಗ್ಬಹುದು" ಎಂದು ಅಪ್ಪಣೆ ಕೊಡುತ್ತಿದ್ದರು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತು, ಫೋಟೋ ಪೇಪರಿನ ಚೂರುಗಳಲ್ಲಿ ಹುರಿಗಡಲೆ ಹಾಕಿ ನಮಗೆಲ್ಲ ಹಂಚುವುದು. ಹೀಗೆ ಅವರ ಸುತ್ತ ಸೇರಿದವರದು ಒಂದು ಸಣ್ಣ ಗುಂಪು. ಬಸವೇಶ್ವರನಗರದ ಹಲ್ಲಿನ ಡಾಕ್ಟರೊಬ್ಬರು ನಮ್ಮೆಲ್ಲರಿಗಿಂತ ದೊಡ್ಡ ಲೆನ್ಸ್ ಇಟ್ಟುಕೊಂಡಿದ್ದರು, ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುತ್ತಲೂ ಇದ್ದರು.

ನಮ್ಮ ಗುಂಪಿಗೆ ಇದ್ದದ್ದು ಒಂದೇ ಕಟ್ಟಳೆ. ಫೋಟೋ ಎಲ್ಲಿಗೆ ಬೇಕಾದರೂ ಹಾಕಿ, ಜಾಗದ ಹೆಸರು ಬರೆಯಬೇಡಿ. ಇದಕ್ಕೆ ಕಾರಣ ಇತ್ತು. ಹಿಂದೊಮ್ಮೆ ಯಾರೋ ನವರಂಗದ ಫೋಟೋ ಹಾಕಿ ಕೆಳಗೆ ಪಾರ್ಕಿನ ಹೆಸರು ಬರೆದಿದ್ದರಂತೆ. ಮುಂದಿನ ಭಾನುವಾರ ಎಲ್ಲೆಲ್ಲಿಂದಲೋ ಜನ ಬಂದು ಮುತ್ತಿಕೊಂಡರು. ಹಕ್ಕಿ ಹೊರಗೆ ಬರಲೆಂದು ಫೋನಿನಲ್ಲಿ ಅದರದೇ ಕೂಗು ಹಾಕಿದರು. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ಬಂತೆಂದು ಆ ಬಡಪಾಯಿ ಮೇವು ಬಿಟ್ಟು ದಿನವಿಡೀ ಹುಡುಕಾಡಿತು. ಆಮೇಲೆ ಆ ಚಳಿಗಾಲ ಪೂರ್ತಿ ಕಾಣಲಿಲ್ಲ. ಅಂದಿನಿಂದ ನಾವು ಎಲ್ಲ ಫೋಟೋಗಳ ಕೆಳಗೂ 'ಪಶ್ಚಿಮ ಬೆಂಗಳೂರು' ಎಂದಷ್ಟೇ ಬರೆಯುವುದು. ಡಾಕ್ಟರ ಮಿಂಚುಳ್ಳಿ ಬಹುಮಾನ ಗೆದ್ದಿತು, ನನ್ನ ಮಡಿವಾಳ ಹಕ್ಕಿ ಯಾವುದೋ ಕ್ಯಾಲೆಂಡರಿಗೆ ಏರಿತು. ಎಲ್ಲಿಯದೆಂದು ಎಷ್ಟು ಜನ ಕೇಳಿದರೂ ನಾವು ಬಾಯಿ ಬಿಡಲಿಲ್ಲ. ಅದರಲ್ಲಿ ನಮಗೆ ಜಂಬವೂ ಇತ್ತು ಅನ್ನಿ.

ಒಂದು ಬೆಳಿಗ್ಗೆ ಗೇಟಿನ ಮೇಲೆ ಫ್ಲೆಕ್ಸ್ ಬೋರ್ಡು ಕಂಡಿತು. ಮಾರ್ಕೆಟ್ಟಿಗೆ ಬರುವ ಕಾರುಗಳಿಗೆ ಬಹುಮಹಡಿ ಪಾರ್ಕಿಂಗ್ ಕಟ್ಟುತ್ತಾರಂತೆ, ಅದಕ್ಕಾಗಿ ಉದ್ಯಾನ ಮುಚ್ಚುತ್ತಾರಂತೆ. ಸಾರ್ವಜನಿಕರ ಅಭಿಪ್ರಾಯ ಕೇಳಲು ಪಾರ್ಕಿನಲ್ಲೇ ಶಾಮಿಯಾನ ಹಾಕಿ ಸಭೆ ಕರೆದರು. ನಾವು ಎದ್ದು ನಿಂತು ಹಕ್ಕಿಗಳ ವಿಷಯ ಹೇಳಿದೆವು. ಪಾಲಿಕೆಯಿಂದ ಬಂದಿದ್ದ ಸಾಹೇಬರು ನಗುನಗುತ್ತಲೇ ಕೇಳಿಸಿಕೊಂಡರು.

"ಸಾರ್, ನಾವೂ ಸುಮ್ನೆ ಬಂದಿಲ್ಲ. ನೆಟ್ಟಲ್ಲೆಲ್ಲ ಹುಡುಕ್ಸಿದ್ವಿ. ಈ ಪಾರ್ಕ್ ಹೆಸ್ರಲ್ಲಿ ಕಾಗೆ ಫೋಟೋನೂ ಇಲ್ಲ. ಅಂಥ ಹಕ್ಕಿ ಇದ್ದಿದ್ರೆ ಯಾರಾದ್ರೂ ಒಬ್ರು ಹಾಕಿರ್ತಿರ್ಲಿಲ್ವಾ?"

ಡಾಕ್ಟರ ಮುಖ ಪೆಚ್ಚಾಯಿತು. ಹಕ್ಕಿಗಳನ್ನು ಉಳಿಸಲೆಂದು ನಾವೇ ಜೋಪಾನವಾಗಿ ಅಳಿಸಿಟ್ಟ ಹೆಸರು ಈಗ ಆ ಮನುಷ್ಯನ ಕೈಗೆ ಆಯುಧವಾಗಿತ್ತು.

ಹಿಂದಿನ ಸಾಲಿನಿಂದ ಆಂಟಿ ಎದ್ದರು. ಮೈಕು ಕೊಡಲು ಬಂದವನನ್ನು ಬೇಡವೆಂದು ಪಕ್ಕಕ್ಕೆ ಸರಿಸಿದರು.

"ಬರೀಬೇಡಿ ಅಂದೋಳು ನಾನು. ಜನರಿಂದ ಹಕ್ಕೀನ ಕಾಪಾಡೋಣ ಅಂತ ಬಚ್ಚಿಟ್ವಿ. ನಿಮ್ಮಂಥೋರೂ ಬರ್ತೀರ ಅಂತ ಗೊತ್ತಿರ್ಲಿಲ್ಲ. ಬಾವಿ ಪಾರ್ಕು! ಬರ್ಕೊಳಿ ಸಾರ್. ಇನ್ಮೇಲೆ ಈ ಹೆಸ್ರು ಕೇಳೀ ಕೇಳೀ ನಿಮ್ಮ ಕಿವಿ ತೂತು ಬೀಳ್ಬೇಕು, ಹಂಗೆ ಮಾಡ್ತೀನಿ."

ಮಾಡಿಯೇ ಬಿಟ್ಟರು. ಅಂದು ಸಂಜೆ ಸ್ಟುಡಿಯೋದಲ್ಲಿ ಡಾಕ್ಟರು ಮೆಲ್ಲಗೆ ಬಾಯಿಬಿಟ್ಟರು. "ಆಂಟಿ, ಹೆಸ್ರು ಹೊರಗೆ ಬಂದ್ರೆ ಮತ್ತೆ ಜನ ಮುತ್ಕೋತಾರೆ. ನವರಂಗ ಓಡಿಹೋಗುತ್ತೆ."

"ಜನ ಬಂದ್ರೆ ಅದು ಮೆಳೆ ಒಳಗೆ ಹೋಗುತ್ತೆ ಕಣಪ್ಪ. ಕಾಂಕ್ರೀಟ್ ಬಂದ್ರೆ ಎಲ್ಲಿಗೆ ಹೋಗುತ್ತೆ? ಜನರನ್ನ ಗದರ್ಸೋಕೆ ನಾನಿದೀನಿ. ನೀನು ಮಿಂಚುಳ್ಳಿ ಕಳ್ಸು ಮೊದ್ಲು."

ಡಾಕ್ಟರು ಅಲ್ಲೇ ಫೋನು ತೆಗೆದು ಮಿಂಚುಳ್ಳಿ ಕಳಿಸಿದರು. ನಾವೆಲ್ಲರೂ ಇದ್ದಬದ್ದ ಫೋಟೋಗಳನ್ನು ತಂದು ಸುರಿದೆವು. ಆಂಟಿ ಅವನ್ನು ಪಾಸ್‌ಪೋರ್ಟ್ ಸೈಜಿನಲ್ಲಿ ಪ್ರಿಂಟ್ ಹಾಕಿದರು. ನೀಲಿ ಹಿನ್ನೆಲೆ, ಎದೆಮಟ್ಟದ ನವರಂಗ, ಕೆಳಗೆ ದಪ್ಪಕ್ಷರದಲ್ಲಿ 'ಬಾವಿ ಪಾರ್ಕ್ ನಿವಾಸಿ'. ಬ್ಯಾಂಕಿಗೋ ಸ್ಕೂಲಿಗೋ ಫೋಟೋ ತೆಗೆಸಲು ಬಂದವರ ಬಿಳಿ ಕವರಿನಲ್ಲಿ ಅವರ ಫೋಟೋಗಳ ಜೊತೆ ಹಕ್ಕಿಯದೂ ಒಂದು. "ಇದ್ಯಾಕೆ ಆಂಟಿ?" ಎಂದರೆ, "ಇವ್ರೂ ನಿಮ್ಮ ಏರಿಯಾದವ್ರೇ, ಹೋಗಿ ಮಾತಾಡಿಸ್ಕೊಂಡು ಬನ್ನಿ" ಎನ್ನುವುದು. ಪಾರ್ಕಿನ ಬೇಲಿಯ ಉದ್ದಕ್ಕೂ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ದೊಡ್ಡ ಫೋಟೋಗಳನ್ನು ತೂಗುಹಾಕಿದೆವು. ರಾತ್ರಿ ಯಾರೋ ಕಿತ್ತುಹಾಕುತ್ತಿದ್ದರು, ಬೆಳಿಗ್ಗೆ ನಾವು ಮತ್ತೆ ಹಾಕುತ್ತಿದ್ದೆವು.

ಜನ ಬಂದರು. ಸೊಪ್ಪು ಮಾರುವವರು, ಆಟೋದವರು, ಮಕ್ಕಳನ್ನು ಕಟ್ಟಿಕೊಂಡ ತಾಯಂದಿರು. ಬಿದಿರುಮೆಳೆಯ ಸುತ್ತ ಯಾರೂ ದಾಟದ ಹಾಗೆ ಆಂಟಿ ಹಗ್ಗ ಕಟ್ಟಿ, ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತೇಬಿಟ್ಟರು. ಫೋನಿನಲ್ಲಿ ಕೂಗು ಹಾಕಹೋದವನ ಫೋನು ಅವನು ಹೊರಡುವವರೆಗೂ ಅವರ ಸ್ವೆಟರಿನ ಜೇಬಿನಲ್ಲೇ ಇತ್ತು. ಎರಡನೇ ಸಭೆಗೆ ಶಾಮಿಯಾನದಲ್ಲಿ ಜಾಗ ಸಾಲಲಿಲ್ಲ. ಸೊಪ್ಪಿನ ಅಜ್ಜಿಯೊಬ್ಬರು ಸಂಚಿಯಿಂದ ನವರಂಗದ ಫೋಟೋ ತೆಗೆದು ಸಾಹೇಬರ ಮೇಜಿನ ಮೇಲಿಟ್ಟು, "ಇದಕ್ಕೆ ಎಲ್ಲಿ ಮನೆ ಕೊಡ್ತೀಯಪ್ಪ?" ಎಂದು ಕೇಳಿದರು. ಸಾಹೇಬರು ಅಂದು ನಗಲಿಲ್ಲ. ಕಾಮಗಾರಿಯನ್ನು ಮುಂದೂಡಲಾಗಿದೆ ಎಂದಷ್ಟೇ ಹೇಳಿ ಎದ್ದರು. ನಾವು ಚಪ್ಪಾಳೆ ತಟ್ಟಿದೆವು. ಆಂಟಿ ತಟ್ಟಲಿಲ್ಲ. "ಮುಂದೂಡೋದು ಅಂದ್ರೆ ಮತ್ತೆ ಬರ್ತಾರೆ ಅಂತ ಕಣೋ. ಹಗ್ಗ ಬಿಚ್ಬೇಡ" ಎಂದರು.

ಈ ಮಳೆಗಾಲದಲ್ಲಿ ಆಂಟಿ ತೀರಿಕೊಂಡರು. ಮಧ್ಯಾಹ್ನ ಸ್ಟುಡಿಯೋದಲ್ಲಿ ಕೂತಿದ್ದಾಗಲೇ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಮೇಜಿನ ಮೇಲೆ ಕತ್ತರಿಸಿಟ್ಟ ನವರಂಗಗಳು ಹಾಗೇ ಇದ್ದವು. ಹೆತ್ತ ತಾಯಿ ಹೋದಾಗ ಅತ್ತ ಹಾಗೆ ನಾನು ಅತ್ತುಬಿಟ್ಟೆ. ಈ ಊರಿನಲ್ಲಿ ನನ್ನನ್ನು ಗದರುವ ಹಕ್ಕಿದ್ದದ್ದು ಅವರೊಬ್ಬರಿಗೇ.

ಅವರು ಹೇಳಿದಂತೆಯೇ ಆಯಿತು. ಕಳೆದ ವಾರ ಗೇಟಿನ ಮೇಲೆ ಮತ್ತೆ ಬೋರ್ಡು ಬಂದಿದೆ, ಈ ಸಲ ಇನ್ನೂ ದೊಡ್ಡದು. ಅದೇ ವಾರ ನವರಂಗವೂ ಬಂದಿದೆ. ನಾನು ಹಗ್ಗದ ಈಚೆ ಬೋರಲು ಮಲಗಿ ಫೋಟೋ ತೆಗೆದೆ. ಎದ್ದಾಗ ಮೊಣಕೈ ಚುರುಚುರು ಎನ್ನುತ್ತಿತ್ತು. ನನ್ನವೂ ಈಗ ದಡ್ಡುಗಟ್ಟಲು ಶುರುವಾಗಿವೆ.

ಪಶ್ಚಿಮ ಬೆಂಗಳೂರು ಎಂದು ಬರೆದು ಕೈತೊಳೆದುಕೊಳ್ಳುವ ಕಾಲ ಮುಗಿಯಿತು. ಬಾವಿ ಪಾರ್ಕ್, ಮಾರ್ಕೆಟ್ಟಿನ ಹಿಂಭಾಗ, ವಿಜಯನಗರ. ಗೇಟು ಬೆಳಿಗ್ಗೆ ಆರಕ್ಕೆ ತೆಗೆಯುತ್ತಾರೆ. ಬಿದಿರುಮೆಳೆಯ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲಿದೆ, ಅದರ ಮೇಲೆ ನಾನಿರುತ್ತೇನೆ. ಬನ್ನಿ. ಬಿಳಿ ಶರ್ಟು ಬೇಡ.