ಗೆರೆನಾಡಿನ ಕೊನೆಯ ಅಧ್ಯಾಯ

ಆಗೆಲ್ಲ ಹುಳು ಇದ್ದಷ್ಟು ದಿನ ನಮ್ಮ ಮನೆಯ ಸಾರಿಗೆ ಒಗ್ಗರಣೆ ಬೀಳುತ್ತಿರಲಿಲ್ಲ. ಒಣಮೆಣಸಿನಕಾಯಿ ಘಾಟಿಗೆ ರೇಷ್ಮೆಹುಳು ಮೇವು ಬಿಡುತ್ತದೆ ಅಂತ ಅಜ್ಜಿಯ ಕಟ್ಟಪ್ಪಣೆ. ತಿಂಗಳು ಪೂರ್ತಿ ಒಗ್ಗರಣೆಯಿಲ್ಲದ ಬಸ್ಸಾರಿನಲ್ಲಿ ಮುದ್ದೆ ನುಂಗಿ ಬೆಳೆದವರು ನಾವು. ಹೂ ಮುಡಿದು ಹುಳುಮನೆಗೆ ಕಾಲಿಡುವ ಹಾಗಿರಲಿಲ್ಲ. ನೆಂಟರು ಬಂದರೂ ಬಾಗಿಲಾಚೆಯೇ ನಿಂತು ಮಾತಾಡಿ ಹೋಗಬೇಕಿತ್ತು. ನಮ್ಮ ಸುಗಟೂರಿನ ಕಡೆ ರೇಷ್ಮೆ ಬೆಳೆಯುವ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಮಕ್ಕಳಿಗಿಂತ ಹುಳುವಿಗೇ ಮರ್ಯಾದೆ ಜಾಸ್ತಿ.

ಹುಳುಮನೆ ಅಂದರೆ ಹಿತ್ತಿಲಿನ ಉದ್ದನೆಯ ಹೆಂಚಿನ ಕೋಣೆ. ಅದರ ಹೊಸಲಿಗೆ ಅಜ್ಜಿ ದಿನಾ ಬೆಳಗ್ಗೆ ಸುಣ್ಣದ ಪುಡಿ ಸುರಿದು ದಪ್ಪ ಗೆರೆ ಎಳೆಯುತ್ತಿದ್ದಳು. ಕಾಲಲ್ಲಿ ರೋಗ ಒಳಗೆ ಹೋಗಬಾರದು ಅಂತ ಅದು. ಆದರೆ ಅಜ್ಜಿಯ ಲೆಕ್ಕದಲ್ಲಿ ಆ ಗೆರೆಗೆ ಇನ್ನೊಂದು ಕೆಲಸವೂ ಇತ್ತು. ತಿಂಗಳ ಮೂರು ದಿನ ಹೊರಗಾದ ಹೆಂಗಸರು ಅದರ ಹತ್ತಿರ ಸುಳಿಯಬಾರದು. ಸುಳಿದರೆ ಹುಳು ಗೂಡು ಕಟ್ಟುವುದಿಲ್ಲ.

ನನಗಾಗ ಹನ್ನೆರಡು. ನನಗಿನ್ನೂ ಆ ತಾಪತ್ರಯ ಇರಲಿಲ್ಲ. ಅತ್ತೆಯ ಮಗಳು ಭಾಗ್ಯಂಗೆ ಹದಿಮೂರು, ಅವಳಿಗೆ ಇತ್ತು. ಅವಳ ಊರು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡದ್ದು. ಅಲ್ಲಿ ಏಳನೇ ಕ್ಲಾಸಿಗೇ ಶಾಲೆ ಮುಗಿಯುತ್ತಿತ್ತು. ಹೈಸ್ಕೂಲು ಓದಲಿ ಅಂತ ಅಪ್ಪ ತನ್ನ ತಂಗಿಯ ಮಗಳನ್ನು ಕರೆತಂದು ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದ. ಅವಳು ಓದುವುದೋ ಬಿಡುವುದೋ ಎನ್ನುವುದು ನಮ್ಮ ಮನೆಯ ಅನ್ನದ ಮೇಲೆ ನಿಂತಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ಮಳೆಗಾಲ ನಾವಿಬ್ಬರೂ ಸೇರಿ ಒಂದು ಕಾದಂಬರಿ ಬರೆದೆವು. ನಗಬೇಡಿ, ಇನ್ನೂರು ಪುಟದ ನೋಟ್‌ಬುಕ್ಕು ಪೂರ್ತಿ ತುಂಬುವ ಅಂದಾಜಿನದು. ಕತೆ ಕಟ್ಟುವವಳು ಭಾಗ್ಯ, ಅಕ್ಷರ ದುಂಡಗೆ ಬರೆಯುವವಳು ನಾನು. ಗೆರೆನಾಡು ಅಂತ ಒಂದು ದೇಶ. ಅಲ್ಲಿ ಹುಟ್ಟಿದ ಮಗುವಿನ ಸುತ್ತ ಸುಣ್ಣದ ಗೆರೆ ಎಳೆಯುತ್ತಾರೆ, ಸಾಯುವವರೆಗೂ ಅದರೊಳಗೇ ಇರಬೇಕು. ಸಂಜೆಯಾದರೆ ಗೆರೆರಾಯನ ಸಿಪಾಯಿಗಳು ಮನೆಮನೆಗೆ ಬಂದು ಎಲ್ಲರ ಅಂಗಾಲು ಎತ್ತಿಸಿ ನೋಡುತ್ತಾರೆ. ಬೆಳ್ಳಗಿದ್ದರೆ ಗೆರೆ ತುಳಿದಿದ್ದಾರೆ ಅಂತ ಅರ್ಥ. ಅಂಥವರನ್ನು ಮರೆವಿನೂರಿಗೆ ಅಟ್ಟುತ್ತಾರೆ, ಅಲ್ಲಿ ಹೋದವರಿಗೆ ತಮ್ಮ ಕತೆಯೇ ಮರೆತುಹೋಗುತ್ತದೆ. ಇದನ್ನೆಲ್ಲ ಮುರಿಯಲು ಹೊರಟವಳು ಮಿಂಚಿ ಅನ್ನುವ ಹುಡುಗಿ. ಅವಳ ವಾಹನ ಗುಂಡಮ್ಮ, ಎತ್ತಿನಗಾಡಿಯಷ್ಟು ದೊಡ್ಡ ರೇಷ್ಮೆಚಿಟ್ಟೆ.

ರೇಷ್ಮೆಚಿಟ್ಟೆ ಹಾರುವುದಿಲ್ಲವಲ್ಲ ಅಂತ ನಾನು ತಕರಾರು ತೆಗೆದಿದ್ದೆ. ಭಾಗ್ಯ ಹೋಗಿ ಅಪ್ಪನನ್ನೇ ಕೇಳಿದಳು. ಮನುಷ್ಯರು ಸಾಕಿ ಸಾಕಿ ಅದಕ್ಕೆ ಹಾರೋದು ಮರೆತಿದೆ ಅಂದನಂತೆ ಅಪ್ಪ. ಹಾಗಾದರೆ ನೆನಪು ಮಾಡಿಕೊಟ್ಟರೆ ಆಯಿತು ಅಂತ ಅವಳು ಅದನ್ನೂ ಕತೆಗೆ ಸೇರಿಸಿದಳು. ಅಂಥ ತಲೆ ಅವಳದು. ನನಗೆ ಇವತ್ತಿಗೂ ಹೊಟ್ಟೆಕಿಚ್ಚು.

ನೋಟ್‌ಬುಕ್ಕನ್ನು ಬಚ್ಚಿಡುತ್ತಿದ್ದದ್ದು ಹುಳುಮನೆಯಲ್ಲಿ, ಹುಳುವಿನ ತಟ್ಟೆಗೆ ಹಾಸುವ ಹಳೇ ಪೇಪರಿನ ಕಂತೆಯ ಕೆಳಗೆ. ಸೊಪ್ಪು ಹಾಕುವ ನೆಪದಲ್ಲಿ ಒಳಗೆ ಹೋದರೆ ಯಾರೂ ಕೇಳುತ್ತಿರಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹೊತ್ತುಹೊತ್ತಿಗೆ ರಾಶಿ ಸೊಪ್ಪು ತಿನ್ನುವ ವಾರ ಅದು. ಆಗಲೇ ಭಾಗ್ಯ ಹೊರಗಾದಳು. ಅವಳು ಹಿತ್ತಿಲ ಜಗಲಿಯಲ್ಲಿ ಕೂತು ಕತೆ ಹೇಳುವುದು, ನಾನು ಹುಳುಮನೆಯ ಬಾಗಿಲೊಳಗೆ ಕೂತು ಬರೆಯುವುದು. ನಡುವೆ ಅಜ್ಜಿಯ ಗೆರೆ.

ಎರಡನೇ ದಿನ ಬೆಳಗ್ಗೆ ಮಳೆ ಬಂದಿತ್ತು. ಅಪ್ಪ ತಂದ ಸೊಪ್ಪು ಒದ್ದೆಯಾಗಿತ್ತು. ಹರಡಿ, ಆರಿಸಿ, ಆಮೇಲೆ ಹುಳುವಿಗೆ ಹಾಕು ಅಂತ ನನಗೆ ಹೇಳಿ ಅವನೂ ಅಮ್ಮನೂ ತೋಟಕ್ಕೆ ಹೋದರು. ಮಿಂಚಿ ಆಗಷ್ಟೇ ಗೆರೆರಾಯನ ಕೋಟೆ ಹೊಕ್ಕಿದ್ದಳು, ಸೊಪ್ಪು ಆರಿಸುತ್ತ ಕೂರಲು ನನಗೆಲ್ಲಿ ಪುರಸೊತ್ತು? ಒದ್ದೆ ಸೊಪ್ಪನ್ನೇ ಎಲ್ಲ ತಟ್ಟೆಗೂ ಸುರಿದು ಬರೆಯಲು ಕೂತೆ.

ಕೊನೆಯ ಅಧ್ಯಾಯವನ್ನು ತಾನೇ ತನ್ನ ಕೈಯಲ್ಲಿ ಬರೆಯಬೇಕು ಅಂದಳು ಭಾಗ್ಯ. ನೋಟ್‌ಬುಕ್ಕು ಈಚೆ ಕೊಡು ಅಂದಳು. ನಾನು ಕೊಡಬಹುದಿತ್ತು. ಕೈ ಚಾಚಿದ್ದರೆ ಸಾಕಿತ್ತು. ಆದರೆ ಹನ್ನೆರಡರ ವಯಸ್ಸಿನ ಕೊಬ್ಬು ನೋಡಿ.

"ಮಿಂಚಿ ಮಾತ್ರ ದಾಟಬೇಕು, ನೀನು ದಾಟಲ್ವೇನೇ? ಬಾ ನೋಡೋಣ" ಅಂದೆ.

ಅವಳು ಎದ್ದು ಗೆರೆ ತುಳಿದುಕೊಂಡೇ ಒಳಗೆ ಬಂದು, ನೋಟ್‌ಬುಕ್ಕು ಕಿತ್ತುಕೊಂಡು ಗೋಡೆಗೆ ಒರಗಿ ಕೂತಳು. ನಾವಿಬ್ಬರೂ ಬಾಯಿಗೆ ಕೈ ಒತ್ತಿಕೊಂಡು ನಕ್ಕೆವು. ಅಷ್ಟು ನಗು ಆಮೇಲೆ ನಾನು ನಕ್ಕಿಲ್ಲ. ಅವಳು ನಾಲ್ಕು ಸಾಲು ಬರೆದಿರಬಹುದು, ಅಜ್ಜಿಯ ಕೆಮ್ಮು ಕೇಳಿತು. ಭಾಗ್ಯ ಓಡಿಹೋಗಿ ಜಗಲಿಯ ಮೇಲೆ ಕಾಲು ನೀಡಿ ಕೂತುಬಿಟ್ಟಳು. ಅಜ್ಜಿ ಬಂದು ನಿಂತು ನೋಡಿದ್ದು ಅವಳ ಮುಖವನ್ನಲ್ಲ. ಎರಡೂ ಅಂಗಾಲು ಸುಣ್ಣವಾಗಿ ಬೆಳ್ಳಗಿದ್ದವು.

ಅಜ್ಜಿ ಸುಣ್ಣದ ಪುಡಿ ತಂದು ಗೆರೆಯನ್ನು ಇನ್ನೊಮ್ಮೆ ದಪ್ಪಗೆ ಎಳೆದಳು. ನಾಲ್ಕು ದಿನ ಬಿಟ್ಟು ಹುಳು ಮೆತ್ತಗಾಗತೊಡಗಿತು. ಸೊಪ್ಪು ಮುಟ್ಟದು, ಬಾಯಲ್ಲಿ ನೀರು, ಆಮೇಲೆ ಕಪ್ಪು. ಸಪ್ಪೆ ರೋಗ. ಇನ್ನೆರಡು ದಿನಕ್ಕೆ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕಿದ್ದ ಹುಳುವನ್ನು ಅಪ್ಪ ಬುಟ್ಟಿಯಲ್ಲಿ ತುಂಬಿ ಗುಂಡಿಗೆ ಸುರಿದ. ಆ ನಾತ ಈಗಲೂ ಮೂಗಿನಲ್ಲಿದೆ. ಅಜ್ಜಿ ಹೊಸಲಲ್ಲಿ ಕೂತು, ಸಂಕಟ ಬಂದಾಗ ಅವಳ ಬಾಯಿಗೆ ಬರುವ ತೆಲುಗಿನಲ್ಲಿ, ಅಂತಾ ಪೋಯಿಂದಿ, ಎಲ್ಲಾ ಹೋಯಿತು ಅಂತ ಹಲುಬುತ್ತಿದ್ದಳು. ಆಮೇಲೆ ಅಪ್ಪನ ಕಡೆ ತಿರುಗಿ ಕನ್ನಡದಲ್ಲಿ ಒಂದೇ ಮಾತು ಹೇಳಿದಳು.

"ಆ ಹುಡುಗೀನ ಅವರಮ್ಮನ ಹತ್ರ ಬಿಟ್ಟು ಬಾ."

ನಾನು ಗುಂಡಿಯ ಹತ್ತಿರ ಹೋಗಿ ಅಪ್ಪನಿಗೆ ನಿಜ ಹೇಳಿದೆ. ಒದ್ದೆ ಸೊಪ್ಪು ಹಾಕಿದ್ದು ನಾನು, ಅವಳನ್ನು ಒಳಗೆ ಕರೆದದ್ದೂ ನಾನು ಅಂದೆ. ಬೈಯುತ್ತಾನೆ, ಹೊಡೆಯುತ್ತಾನೆ, ಹೊಡೆದರೆ ಭಾಗ್ಯ ಉಳಿಯುತ್ತಾಳೆ ಅಂತ ನನ್ನ ಲೆಕ್ಕ. ಅಪ್ಪ ಸನಿಕೆ ಊರಿ ನಿಂತ.

"ಒದ್ದೆ ಸೊಪ್ಪಿಂದಾನೇ ಅಂತ ನಂಗೂ ಗೊತ್ತು ಕಣೇ. ಗೊತ್ತಿದ್ದು ಏನ್ ಮಾಡ್ಲಿ? ಮುಂದಿನ ಬೆಳೆ ಹೋದ್ರೂ ಅವಳ ತಲೆಗೇ ಬರ್ತದೆ. ಇಲ್ಲಿದ್ರೆ ಅವಳಿಗೇ ಕಷ್ಟ."

ಮತ್ತೆ ಮಣ್ಣು ಎಳೆಯಲು ಶುರುಮಾಡಿದ. ನಾನು ಅಜ್ಜಿಯ ಹತ್ತಿರವೂ ಹೋಗಿ ಹೇಳಿದೆ, ಕಾಲು ಹಿಡಿದು ಹೇಳಿದೆ. ಅವಳಿಗೋಸ್ಕರ ಸುಳ್ಳು ಬೊಗಳಬೇಡ ಅಂದಳು. ಗೆರೆನಾಡಿನಲ್ಲಾದರೆ ನಿಜ ಹೇಳಿದ ತಕ್ಷಣ ಕೋಟೆಯ ಗೋಡೆ ಬಿರುಕು ಬಿಡುತ್ತಿತ್ತು, ಹಾಗಂತ ನಾವೇ ಬರೆದಿದ್ದೆವು. ನಮ್ಮ ಮನೆಯ ಗೋಡೆಯಲ್ಲಿ ಏನೂ ಆಗಲಿಲ್ಲ.

ಮಾರನೇ ದಿನ ಅಪ್ಪ ಅವಳ ಬ್ಯಾಗು ಹಿಡಿದು ಕೋಲಾರದ ಬಸ್ಸು ಹತ್ತಿದ. ಭಾಗ್ಯ ಅಳಲಿಲ್ಲ. ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, "ನೀನೇ ಮುಗಿಸೇ" ಅಂದಳು. ಬಸ್ಸಿನ ಕಿಟಕಿಯಿಂದ ಕೈ ಕೂಡ ಬೀಸಲಿಲ್ಲ. ಅವಳು ಮತ್ತೆ ಶಾಲೆಗೆ ಹೋಗಲಿಲ್ಲ. ನಾನು ಮುಗಿಸಲೂ ಇಲ್ಲ.

ಈಗ ನಾನು ಮಾಲೂರಿನಲ್ಲಿ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತೇನೆ. ಕತೆ ಬರೆಯಿರಿ ಅಂತ ಅವರ ಜೀವ ತಿನ್ನುತ್ತೇನೆ. ಊರಿನ ಹುಳುಮನೆ ಬಿದ್ದುಹೋಗಿದೆ, ಅಜ್ಜಿಯಿಲ್ಲ, ಅಪ್ಪನೂ ಇಲ್ಲ. ನನ್ನ ಜೊತೆಗಿರುವ ಅಮ್ಮ ದಿನಾ ಘಮ್ಮೆನ್ನುವ ಒಗ್ಗರಣೆ ಹಾಕುತ್ತಾಳೆ. ಅದು ಬಾಣಲೆಯಲ್ಲಿ ಚಟಪಟ ಅಂದಾಗ ನನಗೆ ಈಗಲೂ ಒಂದು ಕ್ಷಣ ಹೆದರಿಕೆಯಾಗುತ್ತದೆ.

ಹೋದ ವರ್ಷ ಕುರುಡುಮಲೆ ಗಣಪನಿಗೆ ಕೈಮುಗಿದು, ಅಲ್ಲಿಂದ ಭಾಗ್ಯನ ಗಂಡನ ಊರಿಗೆ ಹೋದೆ. ನೋಟ್‌ಬುಕ್ಕು ಬ್ಯಾಗಿನಲ್ಲಿತ್ತು. ಅವಳೂ ಹುಳು ಸಾಕುತ್ತಾಳೆ, ಶೆಡ್ಡಿನೊಳಗೆ ಸೊಪ್ಪು ಹಾಕುತ್ತಿದ್ದಳು. ಬಾಗಿಲಿಗೆ ಅದೇ ದಪ್ಪ ಗೆರೆ. ನಾನು ಹೊರಗೇ ನಿಂತು ಮಿಂಚಿ, ಗುಂಡಮ್ಮ ಅಂತೆಲ್ಲ ನೆನಪು ಮಾಡಿದೆ. ಅವಳು ಒಳ್ಳೆಯ ಮನಸ್ಸಿನಿಂದಲೇ ಯೋಚಿಸಿದಳು, ಪಾಪ.

"ಯಾವ ನೋಟ್‌ಬುಕ್ಕೇ? ಅದೆಲ್ಲ ಎಲ್ಲಿ ಜ್ಞಾಪಕ ಇರ್ತದೆ ನಂಗೆ" ಅಂದಳು.

ಅಷ್ಟರಲ್ಲಿ ಅವಳ ಮಗಳು ಯಾವುದೋ ಮಾತು ಕೇಳಲು ಶೆಡ್ಡಿನ ಕಡೆ ಬಂದಳು. ಹದಿಮೂರಿರಬಹುದು, ಅಮ್ಮನದೇ ಕಣ್ಣು. ಭಾಗ್ಯ ಸೊಪ್ಪಿನಿಂದ ತಲೆ ಎತ್ತಿ, ಅಲ್ಲೇ ನಿಲ್ಲೇ ಅಂದಳು. ಗದರಿಸಲಿಲ್ಲ, ಮಾಮೂಲಿ ದನಿ. ಹುಡುಗಿ ಗೆರೆಗೆ ಮಾರು ದೂರದಲ್ಲೇ ನಿಂತುಬಿಟ್ಟಳು.

ನನಗೆ ಹೇಳಲು ಬೇಕಾದಷ್ಟಿತ್ತು. ಅವತ್ತು ಹೇಳಿದೆ, ಕೇಳುವವರಿರಲಿಲ್ಲ. ಈಗ ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು, ನಿಮ್ಮಮ್ಮ ಕಟ್ಟಿದ ಕತೆ ಇದು, ಕೊನೆ ಮಾತ್ರ ಬಾಕಿಯಿದೆ, ನೀನು ಬರಿ ಅಂತ ಹುಡುಗಿಯ ಕಡೆ ಚಾಚಿದೆ. ಅವಳ ಮುಖ ಅರಳಿತು. ಕೈ ಮುಂದೆ ಬಂದು, ತಟ್ಟನೆ ಹಿಂದಕ್ಕೆ ಹೋಯಿತು.

"ನನ್ನ ಮುಟ್ಟಬೇಡಿ ಅತ್ತೆ. ಅಲ್ಲೇ ಕೆಳಗಿಡಿ, ತಗೋತೀನಿ."

ನಾನು ಬಗ್ಗಿ ಅದನ್ನು ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ.